ಮಂಗಳವಾರದ ಶೂಕೊ

ನಿನ್ಯಾ ತಾಂಚೊಳ ಪುಪುಸಾ ರೊಟ್ಟಿಯ ಅಂಗಡಿಯಲ್ಲಿ ನೀರಿರಲಿಲ್ಲ.

ಹೆಂಚಿತ್ತು, ಬೆಂಕಿಯಿತ್ತು, ನಾದಿಟ್ಟ ಮೆಕ್ಕೆಜೋಳದ ಹಿಟ್ಟಿತ್ತು. ನೊಣಗಳಂತೂ ಬೇಕಾದಷ್ಟಿದ್ದವು. ಅಪೋಪಾ ಊರಿನ ಆ ಗುಡ್ಡದ ಮೇಲೆ ನಲ್ಲಿ ತಿರುಗಿಸಿದರೆ ಬರೀ ಗಾಳಿ ಬುಸುಗುಟ್ಟುತ್ತಿತ್ತು. ತಟ್ಟೆ ತೊಳೆಯುವ ಬೋಗುಣಿಯ ನೀರು ಬೂದು ಬಣ್ಣಕ್ಕೆ ತಿರುಗಿ, ಮೇಲೆ ಹಂದಿಕೊಬ್ಬು ಕೆನೆಗಟ್ಟಿತ್ತು. ತಾಂಚೊಳ ತಂಗಿಯ ಮಗಳು ಸುಲ್ಮಾ ಇನ್ನೊಂದು ತಟ್ಟೆಯನ್ನು ಅದರಲ್ಲೇ ಅದ್ದಿ ತೆಗೆದಳು.

ಛೀ!

ಮೊಣಕೈವರೆಗೂ ಹಿಟ್ಟು ಒಣಗಿ ಹಕ್ಕಳೆ ಏಳುತ್ತಿತ್ತು. ಮೇಜಿನ ಪ್ಲಾಸ್ಟಿಕ್ ಹೊದಿಕೆಗೆ ಕೈ ಊರಿದರೆ ಅಂಟಿಕೊಳ್ಳುತ್ತಿತ್ತು. ಮೂಲೆಯಲ್ಲಿ ದಿನದ ಗಿರಾಕಿ ದೋನ್ ಮೇಮೆ ಪುಪುಸಾ ಹರಿದು ಬಾಯಿಗಿಡುತ್ತಿದ್ದ. ಒಳಗಿನ ಚೀಸು ಎಳೆಎಳೆಯಾಗಿ ಅವನ ಗಡ್ಡಕ್ಕೆ ಜೋತುಬಿದ್ದಿತ್ತು. ಅವನು ಅದನ್ನು ನಾಲಿಗೆಯಿಂದಲೇ ಹುಡುಕುತ್ತಿದ್ದ. ಸುಲ್ಮಾ ಅತ್ತ ನೋಡದೆ ಬೋಗುಣಿಗೆ ಬಗ್ಗಿದಳು.

ಆದರೆ ಎಲ್ಲಕ್ಕಿಂತ ಹೆಚ್ಚು ಅಸಹ್ಯ ಅವಳಿಗೆ ತನ್ನ ಮೇಲೆಯೇ.

ಹೋದ ವರ್ಷ ಎದ್ಗಾರ್ದೊ ನಿಶ್ಚಯವಾಗಿದ್ದ ಮದುವೆ ಮುರಿದುಕೊಂಡು ಹೋಗುವಾಗ ಕಾರಣ ಕೇಳಿದ್ದಳು. ಅವನು ಮೂಗು ಮುಚ್ಚಿಕೊಂಡು ಹೇಳಿದ್ದ: "ಎಷ್ಟು ಸೋಪು ಹಾಕಿದ್ರೂ ನಿನ್ನ ಕೂದಲು ಹಂದಿಕೊಬ್ಬು ನಾರುತ್ತೆ. ಶೂಕಾ!"

ಅಲ್ಲಿನ ಮಾತಲ್ಲಿ ಶೂಕೊ ಅಂದರೆ ಕೊಳಕು. ಹೆಣ್ಣಾದರೆ ಶೂಕಾ. ಅಂದಿನಿಂದ ಯಾವ ಗಂಡಸು ಹತ್ತಿರ ಬಂದರೂ ಅವಳು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. 'ಇವನಿಗೂ ನಾತ ಬಡಿದಿರಬಹುದೇ...?'

ಇಂಥ ಹೊತ್ತಿನಲ್ಲಿ ಅವನು ಒಳಗೆ ಬಂದ.

ರಬ್ಬರ್ ಬೂಟು, ಬೆವರಿಗೆ ಬೆನ್ನಿಗಂಟಿದ ಅಂಗಿ, ನಿದ್ದೆಗೆಟ್ಟ ಕೆಂಪು ಕಣ್ಣು. ಮೇಜು ನೋಡಿದ, ಬೋಗುಣಿ ನೋಡಿದ, ಕೊನೆಗೆ ಅವಳನ್ನು ನೋಡಿ ಕೇಳಿದ:

"ಶೂಕೊ... ಇಲ್ಲೇ ಅಲ್ವಾ?"

ಸುಲ್ಮಾಳ ಕಿವಿ ಬಿಸಿಯಾಯಿತು. "ಏನಂದೆ?"

"ಕೆಳಗಿನ ಬೀದಿಯವರೆಲ್ಲಾ ಹೇಳಿದ್ರು. ಇಲ್ಲಿಯಂಥ ಶೂಕೊ ಇಡೀ ಅಪೋಪಾದಲ್ಲೇ ಇಲ್ವಂತೆ!"

ಮುಂದೆ ಯೋಚಿಸುವ ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ. ಕೈಗೆ ಸಿಕ್ಕಿದ್ದು ಪುಪುಸಾ ಜೊತೆ ನಂಚಿಕೊಳ್ಳುವ ಕುರ್ತಿದೊ ಜಾಡಿ. ವಿನೆಗರ್‌ನಲ್ಲಿ ನೆನೆದ ಎಲೆಕೋಸು, ಕ್ಯಾರೆಟ್, ಈರುಳ್ಳಿ ಎಲ್ಲವೂ ಅವನ ಮುಖಕ್ಕೆ ಬಿತ್ತು.

"ಶೂಕೊ ನೀನು! ನಿನ್ನ ಬಾಯಿ ಶೂಕೊ! ಹೋಗಾಚೆ!"

ಕ್ಯಾರೆಟಿನ ಚೂರೊಂದು ಅವನ ಹುಬ್ಬಿನ ಮೇಲೆ ಕೂತಿತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟ.

"ಇಲ್ಲ ಅಂದಿದ್ರೆ ಸಾಕಿತ್ತು ಕಣ್ರೀ," ಎಂದಷ್ಟೇ ಹೇಳಿ ಹೊರಟುಹೋದ.

ಹಿತ್ತಲಿಂದ ನಿನ್ಯಾ ತಾಂಚೊ ಓಡಿಬಂದಳು. ಅರವತ್ತು ದಾಟಿದ ಹೆಂಗಸು. ನಡೆದದ್ದನ್ನು ಕೇಳಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಕತ್ತೆ! ಅವನು ಕೇಳಿದ್ದು ಗಂಜೀನ!"

ಕಪ್ಪು ಮೆಕ್ಕೆಜೋಳವನ್ನು ಹುಳಿ ಬರಿಸಿ, ಕಾಯಿಸಿ, ಮೇಲೆ ಬೀನ್ಸ್ ಹಾಕಿ ಸೋರೆಬುರುಡೆಯ ಬಟ್ಟಲಲ್ಲಿ ಕೊಡುವ ಗಂಜಿಗೂ ಶೂಕೊ ಎಂದೇ ಹೆಸರು. ನೋಡಲು ಕೆಸರಿನಂತೆಯೇ ಇರುತ್ತದೆ. ನಿನ್ಯಾ ತಾಂಚೊ ಅದಕ್ಕೇ ಹೆಸರುವಾಸಿ.

"ನೀನು ಮಾಡೋದು ಭಾನುವಾರ ಅಲ್ವಾ ದೊಡ್ಡಮ್ಮ? ಇವತ್ತು ಮಂಗಳವಾರ!"

"ಅದು ಅವನಿಗೆ ಹೇಗೆ ಗೊತ್ತಾಗ್ಬೇಕು?"

ದೋನ್ ಮೇಮೆ ಬೆರಳು ನೆಕ್ಕುತ್ತಾ ನಕ್ಕ. "ಅವನು ಯಾರು ಗೊತ್ತೇನಮ್ಮಾ? ನೀರಿನ ಟ್ಯಾಂಕರಿನ ಓಸ್ಮಿನ್. ಕೆಳಗಿನ ಬೀದಿ ಮುಗಿಸಿ ಇಲ್ಲಿಗೇ ಬರೋದಿತ್ತು. ಇನ್ನು ಬಂದಂಗೇ!"

"ಬಕೆಟ್ ತಗೊಂಡು ನಡಿ," ಎಂದಳು ನಿನ್ಯಾ ತಾಂಚೊ. "ಕಾಲು ಹಿಡೀತೀಯೋ ಕಣ್ಣೀರು ಹಾಕ್ತೀಯೋ, ನೀರಿಲ್ದೆ ವಾಪಸ್ ಬರ್ಬೇಡ."

ಕೆಳಗಿನ ಬೀದಿಯಲ್ಲಿ ಟ್ಯಾಂಕರಿನ ಸುತ್ತ ಹೆಂಗಸರ ಗುಂಪು. ನಡುವೆ ಓಸ್ಮಿನ್ ಪೈಪು ಹಿಡಿದು ನಿಂತಿದ್ದ. ಅವನ ತಲೆಯ ಸುತ್ತಲೂ ನೊಣ.

"ಏನಪ್ಪಾ, ಮೈಗೆಲ್ಲಾ ವಿನೆಗರ್! ನಿನ್ನ ಜೊತೆ ಎರಡು ಪುಪುಸಾ ಕೊಟ್ರೆ ಊಟ ಆಗೋಯ್ತು!" ಎಂದಳೊಬ್ಬಳು.

ಎಲ್ಲರೂ ಗೊಳ್ಳೆಂದರು. ಸುಲ್ಮಾ ತಲೆ ತಗ್ಗಿಸಿ ಸರದಿಯಲ್ಲಿ ನಿಂತಳು. ಅವಳ ಪಾಳಿ ಬಂದಾಗ ಅವನು ಮುಖ ನೋಡದೆ ಬಕೆಟ್ ತುಂಬಿಸಿದ.

"ನಮ್ಮ ಬೀದಿಗೆ... ಬರ್ತೀರಾ?"

"ಬರ್ತೀನಿ. ನೀರು ನಮ್ಮಪ್ಪನ ಮನೇದಾ, ಕೋಪ ಬಂತು ಅಂತ ನಿಲ್ಸೋಕೆ?"

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಬಕೆಟ್ ಎತ್ತದೆ ಹೇಳಿದಳು:

"ನೀವು ನನ್ನೇ ಕೊಳಕಿ ಅಂದ್ರಿ ಅಂದ್ಕೊಂಡೆ. ಹಿಂದೆ ಒಬ್ಬ ಹಾಗೇ ಅಂದುಹೋಗಿದ್ದ... ನಾನು ನಾರ್ತೀನಿ ಅಂತ."

ಓಸ್ಮಿನ್ ಈಗ ಅವಳ ಕಡೆ ತಿರುಗಿದ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನಾರ್ತೀರಿ," ಎಂದ. "ಹಂದಿಕೊಬ್ಬು, ಹೊಗೆ. ನನಗೆ ಹಸಿವಾಗಿದ್ದೇ ಆ ವಾಸನೆಗೆ. ಬಾಗಿಲಲ್ಲೇ ಬಾಯಲ್ಲಿ ನೀರು ಬಂತು. ನಾನೇನು ಕಡಿಮೆನಾ? ಹಗಲೆಲ್ಲಾ ನೀರು ಹೊರ್ತೀನಿ, ಸ್ನಾನ ಯಾವತ್ತು ಮಾಡಿದ್ನೋ ಜ್ಞಾಪಕ ಇಲ್ಲ."

ಅವಳಿಗೆ ನಗು ಬಂತು. ಅಳುವೂ ಬಂತು. ಬಕೆಟ್ ಎತ್ತಿಕೊಂಡು ಗುಡ್ಡದ ಏರುದಾರಿ ಹಿಡಿದಳು.

ಮುಂದಿನ ಭಾನುವಾರ ಅವನು ಗಂಜಿಗೆ ಬಂದ. ಅದರ ಮುಂದಿನ ಭಾನುವಾರವೂ ಬಂದ. ಬಟ್ಟಲಿಗೆ ಮುಖ ಹಾಕಿ ಸೊರ್ರ್ ಎಂದು ಹೀರುತ್ತಿದ್ದ, ತಳದ ಬೀನ್ಸನ್ನು ಬೆರಳಲ್ಲಿ ಬಳಿಯುತ್ತಿದ್ದ, ಮೀಸೆಯ ಮೇಲೆ ಕಪ್ಪು ಗೆರೆ ಉಳಿಸಿಕೊಂಡು ಮಾತಾಡುತ್ತಿದ್ದ. ಸುಲ್ಮಾಳಿಗೆ ಅಸಹ್ಯವಾಗುತ್ತಿತ್ತು. ಆದರೂ ಶನಿವಾರ ರಾತ್ರಿಯೇ ಅವನ ಬಟ್ಟಲನ್ನು ಬೇರೆಯಾಗಿ ಒರೆಸಿಡುತ್ತಿದ್ದಳು. 'ನನಗೇನು ಹುಚ್ಚೇ?' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಮಳೆಗಾಲಕ್ಕೆ ಮುಂಚಿನ ಒಂದು ಮಂಗಳವಾರ ಅವನು ಅಂಗಡಿಯ ಮುಂದಿನ ನೀಲಿ ಡ್ರಮ್ಮಿಗೆ ಪೈಪು ಇಳಿಬಿಟ್ಟು, ನೆಲ ನೋಡುತ್ತಾ ಹೇಳಿದ:

"ಮುಂದಿನ ವಾರದಿಂದ ನನ್ನ ಟ್ಯಾಂಕರ್ ಬೇರೆ ಕಡೆ. ಈ ಗುಡ್ಡಕ್ಕೆ ಇನ್ನೊಬ್ಬ ಬರ್ತಾನೆ."

ಸುಲ್ಮಾಳ ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಾಗೇ ನಿಂತಿತು. "ಭಾನುವಾರ?"

"ಅಲ್ಲಿಂದ ದೂರ. ಎರಡು ಬಸ್ ಹಿಡೀಬೇಕು."

"ಹಾಗಾದ್ರೆ ಬರಲ್ಲ."

"ಒಂದು ಬಟ್ಟಲು ಗಂಜಿಗೆ ಎರಡು ಬಸ್ ಹಿಡಿಯೋಕೆ ನಾನೇನು ಹುಚ್ಚನಾ?"

ಅವಳು ಮುಖ ತಿರುಗಿಸಿದಳು. ಇವನೂ ಅಷ್ಟೇ! ಕಣ್ಣು ಉರಿಯಿತು.

"ಗಂಜಿಗೆ ಬರಲ್ಲ ಅಂದೆ," ಎಂದ ಅವನು, ಬಹಳ ಮೆಲ್ಲಗೆ. "ನಿಮಗೋಸ್ಕರ ಬಾ ಅಂದ್ರೆ ಬರ್ತೀನಿ. ಮೂರು ಬಸ್ ಆದ್ರೂ."

ಹೆಂಚಿನ ಮೇಲಿನ ಪುಪುಸಾ ಸೀಯತೊಡಗಿತ್ತು. ಅವಳು ನೋಡಲಿಲ್ಲ. ಹೊರಗೆ ಬಂದು ಅವನ ಎದುರು ನಿಂತಳು. ಈ ಸಲ ಹಿಂದೆ ಸರಿಯಲಿಲ್ಲ. ಅವನೇ ಬಾಗಿ, ಅವಳ ಕೂದಲಿಗೆ ಮೂಗು ತಾಗಿಸಿ, ದೀರ್ಘವಾಗಿ ಉಸಿರೆಳೆದ.

"ಥೂ, ಬಿಡು... ಜಿಡ್ಡು!"

"ಇರಲಿ."

"ನಿನ್ನ ಮೀಸೆ ತೊಳ್ಕೊಂಡು ಬರ್ಬೇಕು. ಪ್ರತಿ ಸಲ."

"ತೊಳ್ಕೊಂಡು ಬರ್ತೀನಿ."

"ಹಾಗಾದ್ರೆ ಬಾ."

"ಅಯ್ಯಯ್ಯೋ, ನೀರು! ಪ್ರೀತಿ ಆಮೇಲೆ ಮಾಡ್ಕೊಳ್ರೋ, ಮೊದ್ಲು ಪೈಪ್ ನಿಲ್ಸಿ!" ಪಕ್ಕದ ಮನೆಯಿಂದ ಯಾರೋ ಕಿರುಚಿದರು.

ಡ್ರಮ್ಮು ತುಂಬಿ ಹೊರಚೆಲ್ಲುತ್ತಿತ್ತು. ಕಸ, ಎಂಜಲು, ಕೋಳಿಪುಕ್ಕಗಳನ್ನು ಎಳೆದುಕೊಂಡು ನೀರು ಚರಂಡಿ ಸೇರಿತು.

ಎರಡು ಪುಪುಸಾ ಸುಟ್ಟು ಕರಕಲಾದವು. ಚರಂಡಿಗೆ ಹೋದದ್ದು ಐದು ಬಕೆಟ್ ನೀರು.