‘ಕಿರಿಕಿರಿ’ ಬ್ಯಾಂಡಿನ ಹದಿನಾಲ್ಕು ಸೆಕೆಂಡು

"ಒಳಗ ಬರ್ಲೇನ್?"

ಬ್ರಾಹ್ಮಿ ತಲೆ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಏಳು ವರ್ಷ ಕಳೆದರೂ ಆ ಧ್ವನಿ ಅವಳಿಗೆ ಮರೆತಿರಲಿಲ್ಲ...

ಶನಿವಾರ. ಹಾರೂಗೇರಿಯ ಶಾಲೆ ಬಿಟ್ಟು ಮಕ್ಕಳೆಲ್ಲ ಮನೆ ಸೇರಿದ್ದರು. ಟೀಚರಮ್ಮ ಬ್ರಾಹ್ಮಿ ಒಬ್ಬಳೇ ಕೂತು ನೋಟುಬುಕ್ಕು ತಿದ್ದುತ್ತಿದ್ದಳು.

"ಬರ್ರಿ. ಕುಂದರ್ರಿ," ಎಂದಳು.

ಬಾಗಿಲಲ್ಲಿ ನಿಂತಿದ್ದ ವಿಕ್ರಾಂತನ ಮುಖ ಸಣ್ಣದಾಯಿತು. ಒಂದು ಕಾಲಕ್ಕೆ ‘ಲೇ’ ಎಂದು ಕರೆಯುತ್ತಿದ್ದವಳು ಈಗ ‘ರಿ’ ಹಚ್ಚಿ ಮಾತಾಡಿದರೆ ಅದನ್ನು ಮರ್ಯಾದೆ ಅಂತ ಯಾರು ನಂಬುತ್ತಾರೆ?

ಅವನು ಮೇಜಿನ ಮೇಲೆ ನಾಲ್ಕು ಹಾಳೆ ಇಟ್ಟ. "ಪುಣೆದ ಒಂದು ಮ್ಯೂಸಿಕ್ ಕಂಪನಿಯವ್ರು ನಮ್ಮ ಬ್ಯಾಂಡಿನ ರೆಕಾರ್ಡಿಂಗ್ ಎಲ್ಲಾ ಕೂಡಿಸಿ ಹೊರಗ ತರಾಕತ್ತಾರ. ಅದರ ಜೋಡಿ ಬ್ಯಾಂಡಿನ ಚರಿತ್ರಾನೂ ಬೇಕಂತ. ನಾ ಬರದೇನಿ. ನೀ... ನೀವು ಒಮ್ಮೆ ಓದ್ರಿ."

"ಫೋನಿನ್ಯಾಗ ಕಳಸಬಹುದಿತ್ತು."

"ಕಳಸಬಹುದಿತ್ತು."

ಬ್ರಾಹ್ಮಿ ಓದತೊಡಗಿದಳು.

ನಿಪ್ಪಾಣಿಯಲ್ಲಿ ಕಾಲೇಜು ಓದುವಾಗ ಮೂವರು ಸೇರಿ ಕಟ್ಟಿದ ಬ್ಯಾಂಡು ‘ಕಿರಿಕಿರಿ’. ವಿಕ್ರಾಂತ ಗಿಟಾರನ್ನು ಸ್ಪೀಕರಿನ ಎದುರು ಹಿಡಿದು ಚೀರಾಡಿಸುತ್ತಿದ್ದ. ಅವರ ಗೆಳೆಯ ಶುಭಮ ಬೆಲ್ಲ ಕಾಸುವ ಹಳೆ ಕೊಪ್ಪರಿಗೆ ಬೋರಲು ಹಾಕಿ ಬಡಿಯುತ್ತಿದ್ದ. ಬ್ರಾಹ್ಮಿ ಮೈಕಿನಲ್ಲಿ ಹಾಡುತ್ತಿರಲಿಲ್ಲ, ಬಸ್ ಸ್ಟ್ಯಾಂಡಿನ ಕಂಡಕ್ಟರನ ಹಾಗೆ ಚಿಕ್ಕೋಡಿ, ಅಥಣಿ, ಕಾಗವಾಡ ಎಂದು ಊರ ಹೆಸರು ಕೂಗುತ್ತಿದ್ದಳು!

ಇವರ ಪ್ರಾಕ್ಟೀಸು ಸುರುವಾದರೆ ಇಲಿಗಳು ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋಗುತ್ತವೆ ಎಂದು ಊರವರು ನಗುತ್ತಿದ್ದರು. ಕೊಲ್ಲಾಪುರದ ಒಂದು ಕಾಲೇಜಿನಲ್ಲಂತೂ ಏಳನೇ ನಿಮಿಷಕ್ಕೇ ಕರೆಂಟು ತೆಗೆದರು. ಅಥಣಿಯಲ್ಲಿ ಕೇಳಲು ಬಂದವರು ಹನ್ನೆರಡು ಮಂದಿ, ಅದರಲ್ಲಿ ಒಂಬತ್ತು ಮಂದಿ ಬೇರೆ ಕಾರ್ಯಕ್ರಮವೆಂದು ತಪ್ಪಿ ಬಂದವರು.

ಪ್ರಾಕ್ಟೀಸಿಗೆ ಜಾಗ ಕೊಟ್ಟವರು ಬ್ರಾಹ್ಮಿಯ ಅಪ್ಪ, ತಂಬಾಕು ವ್ಯಾಪಾರಿ ಜಿನ್ನಪ್ಪ. ಸರಕು ದಾಸ್ತಾನು ಮಾಡುವ ಅವರದೊಂದು ವಖಾರ ಖಾಲಿ ಬಿದ್ದಿತ್ತು. ಜೈನರ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಹಾಗಾಗಿ ಬ್ರಾಹ್ಮಿ ಐದಕ್ಕೇ ಮನೆಗೆ ಓಡುತ್ತಿದ್ದಳು. ಆ ದಿನದ ರೆಕಾರ್ಡಿಂಗನ್ನು ಮರುದಿನ ಜಿನ್ನಪ್ಪ ಚೀಲದ ಮೇಲೆ ಕೂತು ಪೂರ್ತಿ ಕೇಳುತ್ತಿದ್ದರು. "ಏನೂ ತಿಳೀಲಿಲ್ಲ. ಆದ್ರ ಚಲೋ ಐತಿ," ಎನ್ನುತ್ತಿದ್ದರು.

ಬ್ಯಾಂಡಿಗೆ ಇದ್ದದ್ದು ಒಂದೇ ನಿಯಮ. ರೆಕಾರ್ಡಿನಲ್ಲಿ ನಾಯಿ ಬೊಗಳಲಿ, ಲಾರಿ ಹಾಯಲಿ, ಏನನ್ನೂ ಕತ್ತರಿಸುವಂತಿಲ್ಲ.

ಕೊನೆಯ ಹಾಳೆಯಲ್ಲಿ ಹೀಗೆ ಬರೆದಿತ್ತು:

‘೨೦೧೮ರಲ್ಲಿ ನಾನೊಂದು ತಪ್ಪು ಮಾಡಿದೆ. ಕೊನೆಯ ರೆಕಾರ್ಡಿನಿಂದ ಹದಿನಾಲ್ಕು ಸೆಕೆಂಡು ತೆಗೆದುಹಾಕಿದೆ. ಆಮೇಲೆ ಬ್ಯಾಂಡು ಉಳಿಯಲಿಲ್ಲ.’

ಆ ಹದಿನಾಲ್ಕು ಸೆಕೆಂಡಿನಲ್ಲಿ ಏನಿತ್ತೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಗದ್ದಲದ ನಡುವೆ, ಎದುರಿಗೆ ನಿಂತು ಹೇಳಲಾಗದ ಮಾತನ್ನು ಅವಳು ಮೈಕಿಗೆ ಹೇಳಿದ್ದಳು. ಮರುದಿನ ಕೇಳಿದರೆ ಲಾರಿ ಇತ್ತು, ನಾಯಿ ಇತ್ತು, ಅವಳ ಮಾತು ಮಾತ್ರ ಇರಲಿಲ್ಲ.

‘ಇದೇ ಇವನ ಉತ್ತರ’ ಎಂದುಕೊಂಡು ಒಂದು ಮಾತೂ ಆಡದೆ ಬ್ಯಾಂಡು ಬಿಟ್ಟಿದ್ದಳು. ಎಷ್ಟು ಅತ್ತಿದ್ದಳೋ ಅವಳಿಗೇ ಲೆಕ್ಕವಿಲ್ಲ.

"ಯಾಕ ತಗದಿ?" ಎಂದು ಕೇಳಿದಳು. ‘ರಿ’ ಎಲ್ಲಿ ಹೋಯಿತೋ!

"ಮರುದಿನ ನಿಮ್ಮಪ್ಪಾರು ಕೇಳ್ತಿದ್ರು, ಬ್ರಾಹ್ಮಿ. ನಮ್ಮವ್ವ ಅವರ ವಖಾರದಾಗ ತಂಬಾಕು ಹಸನ ಮಾಡಾಕಿ. ನಾವು ಯಾರು, ನೀವು ಯಾರು... ನನ್ನ ಸಲುವಾಗಿ ಅವ್ವನ ಕೆಲಸ ಹೋದ್ರ? ನಿನ್ನ ಓದು ಬಿಡಿಸಿದ್ರ? ಅಂಜಿದ್ನಿ."

ಅವನ ಅವ್ವ ಅಕ್ಕುತಾಯಿ ಬಿಸಿಲಲ್ಲಿ ಬಾಯಿಗೆ ಸೆರಗು ಕಟ್ಟಿಕೊಂಡು ತಂಬಾಕು ಕೇರುತ್ತಿದ್ದದ್ದು ಬ್ರಾಹ್ಮಿಗೂ ನೆನಪಿತ್ತು. ಆ ಅಂಜಿಕೆ ಸುಳ್ಳಲ್ಲ. ತಾನು ಅದನ್ನು ಯೋಚಿಸಿಯೇ ಇರಲಿಲ್ಲ ಎಂಬುದು ಈಗ ಹೊಳೆದು ನಾಚಿಕೆಯಾಯಿತು. ಆದರೂ ಸಿಟ್ಟು ಇಳಿಯಲಿಲ್ಲ.

"ನನಗ ಒಂದ್ ಮಾತು ಕೇಳಬೇಕಿತ್ತಿಲ್ಲೋ?"

"ಕೇಳಬೇಕಿತ್ತು. ಆಮ್ಯಾಲ ನೀ ಬರಲೇ ಇಲ್ಲ. ನನಗೂ ನಿಮ್ಮ ಬಾಗ್ಲಾ ಬಡಿಯೋ ಧೈರ್ಯ ಆಗ್ಲಿಲ್ಲ."

"ಅದು ಈಗ ಎಲ್ಲೈತಿ?"

"ಅಳಿಸಿದ್ನಿ. ಇಟ್ಕೊಂಡಿದ್ರ ದಿನಾ ಅದನ್ನ ಕೇಳ್ಕೋತ ಕುಂದರತಿದ್ನಿ." ಅವನು ಕಣ್ಣು ತಗ್ಗಿಸಿದ. "ಬಾಯಿಪಾಠ ಆಗೇತಿ."

"ಹಂಗಾದ್ರ ಹೇಳು."

"‘ವಿಕ್ರಾಂತ, ನನಗ ನೀ ಬೇಕು. ಅಪ್ಪಾಗ ನಾನಽ ಹೇಳ್ತೀನಿ.’"

ಅವಳ ಕಣ್ಣು ತುಂಬಿ ಬಂತು. "ಅಪ್ಪಾಗ ನಾನಽ ಹೇಳ್ತೀನಿ ಅಂದಿದ್ನಲ್ಲೋ... ನೀ ಅದನ್ನೂ ತಗದಿ. ನನ್ನ ಪ್ರೀತಿ ಒಂದಽ ಅಲ್ಲ, ನನ್ನ ಧೈರ್ಯಾನೂ ತಗದಿ."

ಬ್ರಾಹ್ಮಿ ಕಣ್ಣೊರೆಸಿ ನೋಟುಬುಕ್ಕುಗಳನ್ನು ಕಪಾಟಿಗೆ ಹಾಕಿ ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?" ಅವನಿಗೆ ಗಾಬರಿ.

"ನಿಪ್ಪಾಣಿಗೆ. ಅಪ್ಪಾಗ ಹೇಳಾಕ. ಆದ್ರ ನಿನ್ನ ಮನಸು ಇನ್ನೂ ಗೊತ್ತಾಗ್ಲಿಲ್ಲ ನನಗ."

ಅವನು ಎದ್ದು ನಿಂತ. "ನನಗೂ ನೀನಽ ಬೇಕು, ಬ್ರಾಹ್ಮಿ. ಅವತ್ತೂ ಬೇಕಾಗಿದ್ದಿ. ಆದ್ರ... ಅವ್ರು ಒಲ್ಲೆ ಅಂದ್ರ?"

"ಅಂದ್ರ ನನಗ ಅಂತಾರ. ಜಗಳ ನಾ ಮಾಡ್ತೀನಿ. ನೀ ನಡುವ ಎದ್ದು ಹೋಗಬ್ಯಾಡ."

"ಹೋಗೂದಿಲ್ಲ."

"ಅವರ ಮುಂದ ನೆಲದ ಮ್ಯಾಲ ಕುಂದರಬ್ಯಾಡ. ನನ್ನ ಬಾಜೂಕ ಕುರ್ಚಿ ಮ್ಯಾಲ ಕುಂದರು."

ವಿಕ್ರಾಂತ ಹುಟ್ಟಿದಾಗಿನಿಂದ ಜಿನ್ನಪ್ಪನವರ ಮನೆಯಲ್ಲಿ ಒಮ್ಮೆಯೂ ಕುರ್ಚಿ ಮೇಲೆ ಕೂತಿರಲಿಲ್ಲ. ಅವಳು ಅದನ್ನು ಗಮನಿಸಿದ್ದಳೆಂದು ಅವನಿಗೆ ಇವತ್ತೇ ಗೊತ್ತಾದದ್ದು.

"ಕುಂದರ್ತೀನಿ," ಎಂದ ಮೆಲ್ಲಗೆ.