ಹಳೇ ವ್ಯಾನಿನ ಬಡಿತ

“ಏನು ಬೇಕಾದ್ರೂ ಬಿಚ್ಚಿ, ಕಿವಿ ಮಾತ್ರ ಇಡಬೇಡಿ,” ಎಂದಳು ವ್ಯಾನಿನ ಒಡತಿ.

ಗ್ಯಾರೇಜಿಗೆ ಹೊಸದಾಗಿ ಸೇರಿದ್ದ ಮೆಕ್ಯಾನಿಕ್ ನಕ್ಕುಬಿಟ್ಟ. ಕಿವಿಯೇ ಅವನ ಅನ್ನ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಯಾವ ಬೇರಿಂಗ್ ಸವೆದಿದೆ ಎಂದು ಬಿಚ್ಚದೆಯೇ ಹೇಳುತ್ತಿದ್ದ. ಜಂಬಕ್ಕೂ ಕೊರತೆಯಿರಲಿಲ್ಲ.

ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. ಅಣ್ಣತಮ್ಮಂದಿರು ಪಾಲಾದಾಗ ವ್ಯಾನು ಅವಳ ಗಂಡನಿಗೆ ಬಂತು. ಭಾವ ಹೊಟ್ಟೆಕಿಚ್ಚಿಗೆ ಅದಕ್ಕೆ ಮಾಟ ಮಾಡಿಸಿದ. ಅಂದಿನಿಂದ ಒಳಗೆ ಬಡಿತ. ಗಂಡ ಒಮ್ಮೆ ಕಿವಿಯಿಟ್ಟು ಕೇಳಿದ. ವ್ಯಾನು ಸುಮ್ಮನಾಯಿತು, ಬಡಿತ ಅವನ ಎದೆಗೆ ಬಂತು. ನಿದ್ದೆಯಿಲ್ಲದೆ ಸೊರಗಿ ಸತ್ತ. ಅವನ ಉಸಿರು ನಿಂತ ಗಳಿಗೆಯಲ್ಲೇ ವ್ಯಾನು ಮತ್ತೆ ಬಡಿಯತೊಡಗಿತು.

“ಕೇಳಿಸಿಕೊಂಡೋರಿಗೆ ಅಂಟುತ್ತೆ ಅಂತ, ಸಾಯೋವರೆಗೂ ನನ್ನನ್ನ ಎದೆಗೆ ಒರಗೋಕೆ ಬಿಡಲಿಲ್ಲ ಅವರು.”

ಎಂಜಿನ್ನನ್ನೇ ಬದಲಾಯಿಸಿಕೊಡಿ ಎಂದು ಕೈಮುಗಿದಳು. ಮಾಟಕ್ಕೂ ಆಯಿಲ್ ಹಾಕಬೇಕೇನಮ್ಮಾ ಎಂದು ಅವನು ಚುಡಾಯಿಸಿ ಕಳಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಶಬ್ದ ಹುಡುಕಲಾರದವರು ಮಾಟ ಎನ್ನುತ್ತಾರೆ, ಅಷ್ಟೇ.

ಮಧ್ಯಾಹ್ನ ಉಳಿದವರು ಊಟಕ್ಕೆ ಹೋಗಿದ್ದರು. ಅವನು ವ್ಯಾನನ್ನು ಚಾಲೂ ಮಾಡಿದ. ಟಕ್. ಟಕ್‌ಟಕ್. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಜೊತೆ ಬಡಿತವೂ ಜೋರಾಗಬೇಕು. ಆಗಲಿಲ್ಲ. ಬೆಲ್ಟ್ ಬಿಚ್ಚಿ ನೋಡಿದ. ಅದೇ ಟಕ್‌ಟಕ್. ವ್ಯಾನಿನ ಕೆಳಗಿನ ಗುಂಡಿಗೆ ಇಳಿದ. ಒಳಗೆ ಕತ್ತಲೆ, ಸುಟ್ಟ ಆಯಿಲಿನ ಕಮಟು. ಅದರಡಿಯಲ್ಲಿ ಇನ್ನೊಂದು ವಾಸನೆ, ಬಹಳ ದಿನ ಮುಚ್ಚಿಟ್ಟ ರೋಗಿಯ ಕೋಣೆಯದು. ಮೇಲೆ ಹತ್ತಿ ಎಂಜಿನ್ ಆರಿಸಿದ. ಬಡಿತ ಆರಲಿಲ್ಲ.

ಆಗಲೇ ಓಡಬೇಕಿತ್ತು ಮೂರ್ಖ. ಮತ್ತೆ ಇಳಿದ. ಸ್ಕ್ರೂಡ್ರೈವರ್ ಒತ್ತಿದ. ಕಿವಿ ಆನಿಸಿದ. ಟಕ್. ಹಿಡಿ ತಣ್ಣಗಾಯಿತು. ಟಕ್. ಹಲ್ಲು ಜುಮ್ಮೆಂದಿತು. ಕಿವಿ ಕಿತ್ತುಕೊಳ್ಳಲು ನೋಡಿದ. ಆಗಲಿಲ್ಲ. ಟಕ್‌ಟಕ್. ಆಮೇಲೆ ವ್ಯಾನು ನಿಶ್ಶಬ್ದ. ಎದೆಯೊಳಗಿನಿಂದ ಯಾರೋ ತಟ್ಟಿದರು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವನ ಪುಟ್ಟ ಮಗಳಿಗೊಂದು ಆಟವಿತ್ತು, ಅವನೇ ಕಲಿಸಿದ್ದು: ಸಂಜೆ ಅಪ್ಪನ ಎದೆಗೆ ಕಿವಿಯಿಟ್ಟು, “ಎಂಜಿನ್ ಸರಿಯಿದೆ, ಗಾಡಿ ಬಿಡಬಹುದು” ಎನ್ನುವುದು. ಆ ಆಟ ನಿಂತಿತು. ಮಗಳು ಅತ್ತಳು. ಅವನು ಕೋಣೆಯ ಬಾಗಿಲು ಹಾಕಿಕೊಂಡು ಕಣ್ಣು ಬಿಟ್ಟುಕೊಂಡೇ ಬಿದ್ದಿರುತ್ತಿದ್ದ. ನಿದ್ದೆಯೆಂದರೇನು ಎಂಬುದೇ ಮರೆತುಹೋಯಿತು.

ಒಂದು ಸಂಜೆ ಚಿಲಕ ಹಾಕಲು ಮರೆತ. ಮಗಳು ಮೆಲ್ಲಗೆ ಬಂದಳು. ಅವನು ನೋಡಿದ. ಕೈ ಎತ್ತಿ ತಡೆಯಬಹುದಿತ್ತು. ಎತ್ತಲಿಲ್ಲ.

“ಅಪ್ಪ, ಒಳಗೆ ಯಾರೋ ಬಾಗಿಲು ತಟ್ತಿದಾರೆ.”

ಎದೆ ಹಗುರಾಯಿತು. ಅವಳ ಎದೆಗೆ ತಾನು ಕಿವಿಯಿಟ್ಟರೆ ಅದು ತನಗೇ ವಾಪಸ್ಸು ಬರುತ್ತದೆಂದು ಅವನಿಗೆ ಗೊತ್ತಿತ್ತು. ಇಡುತ್ತೇನೆ, ಒಂದು ಗಳಿಗೆ ಮಲಗಿ ಎದ್ದು ಇಡುತ್ತೇನೆ ಎಂದುಕೊಂಡ. ನಿದ್ದೆ ಅವನನ್ನು ಎಳೆದುಕೊಂಡಿತು.

ಎದ್ದಾಗ ಬೆಳಗಾಗಿತ್ತು. ಹೊರಗೆ ಮಗಳು ನಗುತ್ತಾ ಆಡುತ್ತಿದ್ದಳು. ಅವಳನ್ನು ಎತ್ತಿಕೊಳ್ಳಲು ಹೊರಟವನು ಬಾಗಿಲಲ್ಲೇ ನಿಂತ. ಹೆಂಡತಿ ಗೋಡೆಗೆ ಒರಗಿ, ಎದೆಯ ಮೇಲೆ ಅಂಗೈ ಒತ್ತಿಕೊಂಡು ನಿಂತಿದ್ದಳು. ಅವಳ ಕಣ್ಣಿನ ಸುತ್ತ ಆಗಲೇ ಕಪ್ಪು ಕಟ್ಟಿತ್ತು.

“ಮಗು ರಾತ್ರಿಯೆಲ್ಲ ಅಳ್ತಿತ್ತು, ನಿಮ್ಮನ್ನ ಎಷ್ಟು ಎಬ್ಬಿಸಿದೆ,” ಎಂದಳು. “ಕೊನೆಗೆ ನಾನೇ ಅದರ ಎದೆಗೆ ಕಿವಿಯಿಟ್ಟೆ. ಹೋಗಲಿ ಬಿಡಿ. ನೀವು ಮಲಗಿ.”

ಅವನು ಒಂದು ಹೆಜ್ಜೆ ಮುಂದಿಟ್ಟ. ಅವಳು ಹಿಂದೆ ಸರಿಯಲಿಲ್ಲ; ಅಂಗೈ ತೆಗೆದು ಕಾದಳು. ಅವನು ಅಲ್ಲಿಯೇ ನಿಂತುಬಿಟ್ಟ.