ಕೆಳತುಟಿಯ ಗುಳ್ಳೆ

"ಬಾಯಿ ತೆರೀರಿ... ಇನ್ನೂ ಸ್ವಲ್ಪ!"

ದೇವರೇ! ಯಾರ ಮುಂದೆ ಬಾಯಿ ಬಿಡಲಾರದೆ ವರ್ಷದಿಂದ ಒದ್ದಾಡುತ್ತಿದ್ದಳೋ, ಅವನೇ ಈಗ ಟಾರ್ಚ್ ಹಿಡಿದು ಬಾಯೊಳಗೆ ಇಣುಕುತ್ತಿದ್ದ!

ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಎದುರೇ ಈ ಟೈಲರಮ್ಮನ ಅಂಗಡಿ. ಅವನು ಬೀಗ ತೆಗೆಯಲು ಬಂದರೆ ಸಾಕು, ಇವಳ ಮೆಷಿನ್ನು ನಿಲ್ಲುತ್ತಿತ್ತು, ಕೆಳತುಟಿ ಹಲ್ಲಿಗೆ ಸಿಕ್ಕುತ್ತಿತ್ತು. ಕಚ್ಚಿ ಕಚ್ಚಿ ಈಗ ತುಟಿಯೊಳಗೆ ತುಸು ನೀಲಿಯಾದ, ಮೆತ್ತನೆಯ ಗುಳ್ಳೆ. ನೋವಿಲ್ಲ. ಒಡೆಯುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ.

"ಕೆಟ್ಟ ಗಂಟೇನಾದ್ರೂ...?" ಜೊತೆಗೆ ಬಂದಿದ್ದ ಅವಳ ಅಮ್ಮನ ಕಣ್ಣಲ್ಲಿ ಆಗಲೇ ನೀರು.

"ಛೆ ಛೆ, ಅಂಥದ್ದೇನಿಲ್ಲಮ್ಮ. ತುಟಿ ಕಚ್ಚಿದಾಗ ಜೊಲ್ಲು ಬರೋ ಸಣ್ಣ ನಾಳ ಒಡೆಯುತ್ತೆ. ಹೊರಗೆ ಬರಬೇಕಾದ್ದು ಒಳಗೇ ನಿಂತು ಗುಳ್ಳೆ ಆಗುತ್ತೆ, ಅಷ್ಟೇ." ಅವನು ಇವಳತ್ತ ತಿರುಗಿದ. "ತುಟಿ ಕಚ್ಚೋ ಅಭ್ಯಾಸ ಇದೆಯಾ?"

'ಇದೆ, ನಿಮ್ಮಿಂದಲೇ' ಅನ್ನಲಾದೀತೇ?

"ಇಲ್ಲಪ್ಪ! ಖಂಡಿತ ಇಲ್ಲ!"

ಪಾಪ, ನಂಬಿಬಿಟ್ಟ. ಹಾಗಾದರೆ ಯಾವುದೋ ಹಲ್ಲು ಚುಚ್ಚುತ್ತಿರಬೇಕೆಂದು, ಏನೂ ಅರಿಯದ ಕೋರೆಹಲ್ಲಿನ ಅಂಚನ್ನು ಉಜ್ಜಿ ನಯಮಾಡಿದ. ಆಮೇಲೆ ತುಟಿ ಮರಗಟ್ಟಿಸಿ, ಗುಳ್ಳೆಯನ್ನೂ ಅದರಡಿಯ ಪುಟ್ಟ ಗ್ರಂಥಿಯನ್ನೂ ತೆಗೆದು ಹೊಲಿಗೆ ಹಾಕಿದ. ಎಂಥ ಅಚ್ಚುಕಟ್ಟು ಹೊಲಿಗೆ! ಕನ್ನಡಿಯಲ್ಲಿ ನೋಡಿ ಟೈಲರಮ್ಮ ಮತ್ತಷ್ಟು ಮನಸೋತಳು.

ಮನಸೋತ ಮೇಲೆ ಕೇಳಬೇಕೆ? ತಿಂಗಳೊಪ್ಪತ್ತಿನಲ್ಲಿ ಪಕ್ಕದಲ್ಲೇ ಇನ್ನೊಂದು ಗುಳ್ಳೆ!

ಈ ಸಲ ಅಮ್ಮನನ್ನು ಹೊರಗೆ ಕೂರಿಸಿ ಒಬ್ಬಳೇ ಒಳಗೆ ಹೋದಳು. ಗುಳ್ಳೆ ನೋಡಿದ್ದೇ ಅವನ ಮುಖ ಬಾಡಿಹೋಯಿತು.

"ನನ್ನ ಕೆಲಸದಲ್ಲೇ ಏನೋ ತಪ್ಪಾಗಿದೆ... ದೊಡ್ಡಾಸ್ಪತ್ರೆಗೆ ಹೋಗಿಬಿಡಿ. ಇನ್ನು ನನ್ನ ಹತ್ತಿರ ಬರಬೇಡಿ."

ಬಾಯಿ ಮುಚ್ಚಿಕೊಂಡಿದ್ದರೆ ಇವನು ಕೈತಪ್ಪುತ್ತಾನೆ. ಬಾಯಿ ಬಿಟ್ಟರೆ ಮಾನ ಹೋಗುತ್ತದೆ. ಹೋದರೆ ಹೋಗಲಿ, ಹಾಳಾದ ಮಾನ!

"ತಪ್ಪು ನಿಮ್ಮದಲ್ಲ ಡಾಕ್ಟ್ರೇ! ನಾನೇ ಕಚ್ಕೊಳ್ಳೋದು. ನಿಮ್ಮನ್ನ ನೋಡಿದಾಗಲೆಲ್ಲ... ನೀವಂದ್ರೆ ನಂಗಿಷ್ಟ!"

ಅವನ ಕೈಯಲ್ಲಿದ್ದ ಟಾರ್ಚ್ ಕೆಳಗೆ ಬಿತ್ತು.

"ಮೊದಲೇ ಹೇಳಬಾರದಿತ್ತಾ? ಪಾಪದ ಹಲ್ಲನ್ನ ಸುಮ್ಮನೆ ಉಜ್ಜಿಬಿಟ್ನಲ್ರೀ! ಅಲ್ಲಾ, ಒಂದು ಬೀಗ ತೆಗೆಯೋಕೆ ಯಾರಿಗಾದ್ರೂ ಕಾಲು ಗಂಟೆ ಬೇಕಾ? ನಾನು ಯಾಕೆ ದಿನಾ ಅಲ್ಲೇ ನಿಂತಿರ್ತಿದ್ದೆ ಅಂದ್ಕೊಂಡ್ರಿ?"

ಅವಳಿಗೆ ಅಳುವೋ ನಗುವೋ ತಿಳಿಯಲಿಲ್ಲ.

"ಹಾಗಾದ್ರೆ... ದೊಡ್ಡಾಸ್ಪತ್ರೆಗೆ ಕಳಿಸಲ್ಲ ತಾನೇ?"

"ಕಳಿಸ್ಲೇಬೇಕು."

"ಯಾಕೆ?"

"ಹೋದ ಸಲ ಹೊರಗಿನವರು ಅಂತ ಹೇಗೋ ಧೈರ್ಯ ಮಾಡಿದೆ. ಮನೆಯವರಿಗೆ ಚಾಕು ಹಾಕೋಕೆ ನನ್ನ ಕೈ ಏಳಲ್ಲ ಕಣ್ರೀ."

"ಮನೆಯವರಾ...? ಯಾರು?"

"ನೀವು. ಒಪ್ಪಿದ್ರೆ..."

"ಒಪ್ಪಿದೆ!" ಎಂದವಳು ಕಣ್ಣೊರೆಸಿಕೊಂಡು ಬಾಗಿಲ ಕಡೆ ನೋಡಿದಳು. "ಅಮ್ಮನ್ನ ಒಳಗೆ ಕರೀಲಾ?"

"ಕರೀರಿ. ಪಾಪ, ಮತ್ತೆ ಆಪರೇಷನ್ ಅಂತ ಹೆದರಿ ಕೂತಿರ್ತಾರೆ. ಮೊದಲು ಮದುವೆ ಅಂತ ಹೇಳಿ."